ವಂಶವಾಹಿಗೊಂದು ವಾಹನ: ಜೀವಕೋಶದ ಬಾಗಿಲಿನಲ್ಲಿ ಕೃತಕ ಪಾಲಿಮರುಗಳು

ರೋಗಕ್ಕೆ ತಕ್ಕ ಮದ್ದನ್ನು ಕಂಡುಹಿಡಿಯುವುದು ಒಂದು ಸಾಧನೆ. ಆ ಮದ್ದನ್ನು ರೋಗವಿರುವ ಎಡೆಗೆ ತಲುಪಿಸುವುದು ಮತ್ತೊಂದು ಸಾಧನೆ. ನಮ್ಮ ಆಯುರ್ವೇದದ ಆಚಾರ್ಯರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಚೂರ್ಣವನ್ನೋ ಭಸ್ಮವನ್ನೋ ಜೇನಿನೊಡನೆ, ತುಪ್ಪದೊಡನೆ, ಬಿಸಿನೀರಿನೊಡನೆ ಕೊಡಬೇಕೆಂದು ವಿಧಿಸಿ, ಹಾಗೆ ಜತೆಗೊಡುವ ದ್ರವ್ಯಕ್ಕೆ ‘ಅನುಪಾನ’ವೆಂದು ಹೆಸರಿಟ್ಟರು. ಔಷಧವು ಉತ್ತಮವಾಗಿದ್ದರೂ ಅನುಪಾನವು ತಪ್ಪಿದರೆ ಫಲವು ಕೈಗೂಡದೆಂಬುದು ಅವರ ಅನುಭವ. ಇಂದು ವೈದ್ಯವಿಜ್ಞಾನವು ಜೀವಕೋಶದೊಳಗಿನ ವಂಶವಾಹಿಯನ್ನೇ ಔಷಧವನ್ನಾಗಿ ಬಳಸಲು ಹೊರಟಿದೆ. ಪ್ರಾಚೀನರಿಗೆ ಈ ವಂಶವಾಹಿಯ ಕಲ್ಪನೆ ಇದ್ದಿತೆಂದು ಹೇಳುವುದು ನನ್ನ ಉದ್ದೇಶವಲ್ಲ. ಅನುಪಾನದ ಸಮಸ್ಯೆ ಮಾತ್ರ ಅಂದಿನಂತೆಯೇ ಇಂದೂ ಉಳಿದಿದೆ ಎಂಬುದಷ್ಟೇ ಇಲ್ಲಿ ಪ್ರಕೃತ. ಆ ಅನುಪಾನದ ಕಾರ್ಯಕ್ಕೆ ರಸಾಯನಶಾಸ್ತ್ರಜ್ಞರು ಸಿದ್ಧಪಡಿಸಿರುವ ಕೃತಕ ಪಾಲಿಮರುಗಳ ಪರಿಚಯವೇ ಈ ಲೇಖನದ ವಿಷಯ.

ಭಾಷೆ, ವ್ಯಾಕರಣಗಳನ್ನು ಕಲಿತು ಕಲಿಸುವವನು ರಸಾಯನಶಾಸ್ತ್ರದ ಅಂಗಳಕ್ಕೆ ಏಕೆ ಇಳಿದನೆಂದು ಕೆಲವರು ಕೇಳಬಹುದು. ನಮ್ಮ ಶಾಲೆಯಲ್ಲಿ ಓದಿ ಹೋದವರಲ್ಲಿ ವೈದ್ಯರೂ ವಿಜ್ಞಾನಿಗಳೂ ಇದ್ದಾರೆ. ಅವರ ತಂದೆತಾಯಿಗಳಲ್ಲಿ ಕನ್ನಡವೊಂದನ್ನೇ ಬಲ್ಲವರೂ ಇದ್ದಾರೆ. ಮಗನು ಮಾಡುವ ಕೆಲಸವು ತಾಯಿಗೆ ತಿಳಿಯುವಂತೆ ಹೇಳಲು ಕನ್ನಡಕ್ಕೆ ಶಕ್ತಿಯುಂಟೆಂದು ನಂಬಿದವನು ಅದನ್ನು ಮಾಡಿ ತೋರಿಸುವುದು ಯುಕ್ತ.

ಹೆಸರುಗಳ ವಿಚಾರ

ಮೊದಲು ಶಬ್ದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ‘ವಂಶವಾಹಿ’ ಎಂಬುದರಲ್ಲಿ ‘ವಹ್’ ಎಂಬ ಸಂಸ್ಕೃತ ಧಾತುವಿದೆ. ಹೊರುವುದು, ಒಯ್ಯುವುದು ಎಂದು ಅದರ ಅರ್ಥ. ವಂಶದ ಗುಣಗಳನ್ನು ತಲೆಮಾರಿನಿಂದ ತಲೆಮಾರಿಗೆ ಹೊತ್ತೊಯ್ಯುವುದು ವಂಶವಾಹಿ. ‘ವಾಹನ’ ಶಬ್ದವೂ ಅದೇ ಧಾತುವಿನಿಂದ ಹುಟ್ಟಿದುದು. ಎಲ್ಲವನ್ನೂ ಹೊರುವ ವಂಶವಾಹಿಯನ್ನೇ ಹೊರಲು ಈಗ ಬೇರೊಂದು ವಾಹನ ಬೇಕಾಗಿದೆ.

‘ಪಾಲಿಮರು’ ಎಂಬುದು ಗ್ರೀಕ್ ಮೂಲದ ಶಬ್ದ. ‘ಪಾಲಿ’ ಎಂದರೆ ಬಹು. ಸಂಸ್ಕೃತದ ‘ಪುರು’ ಶಬ್ದಕ್ಕೆ ಇದು ದಾಯಾದಿ. ‘ಮೆರೋಸ್’ ಎಂದರೆ ಭಾಗ. ಒಂದೇ ಬಗೆಯ ಸಣ್ಣ ಅಣುಗಳು ಮಣಿಗಳಂತೆ ಸಾಲಾಗಿ ಪೋಣಿಸಲ್ಪಟ್ಟು ಉಂಟಾದ ದೀರ್ಘಸರವೇ ಪಾಲಿಮರು. ಹತ್ತಿ, ರೇಷ್ಮೆ, ಪಿಷ್ಟ ಇವು ಪ್ರಕೃತಿದತ್ತವಾದ ಪಾಲಿಮರುಗಳು. ನೈಲಾನ್, ಪಾಲಿಥೀನ್ ಇವು ಮನುಷ್ಯಕೃತ. ಇಂಥ ದೀರ್ಘ ಅಣುಗಳು ನಿಜವಾಗಿಯೂ ಇವೆಯೆಂದು ೧೯೨೦ರಲ್ಲಿ ಪ್ರತಿಪಾದಿಸಿದವರು ಜರ್ಮನಿಯ ಹರ್ಮನ್ ಸ್ಟೌಡಿಂಗರ್. ಅಂದಿನ ವಿದ್ವಾಂಸರಲ್ಲಿ ಅನೇಕರು ಅದನ್ನು ಒಪ್ಪಲಿಲ್ಲ. ಕೊನೆಗೆ ೧೯೫೩ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಅದೇ ೧೯೫೩ರಲ್ಲಿ ವ್ಯಾಟ್ಸನ್ ಮತ್ತು ಕ್ರಿಕ್ ಅವರು ಡಿ.ಎನ್.ಎ.ಯ ಜೋಡಿಸುರುಳಿಯ ರಚನೆಯನ್ನು ಪ್ರಕಟಿಸಿದರು. ಡಿ.ಎನ್.ಎ. ಕೂಡ ಒಂದು ಪಾಲಿಮರೇ ಆಗಿದೆ. ಹೀಗೆ ನಮ್ಮ ಕಥೆಯ ಹೊರೆ ಮತ್ತು ವಾಹನಗಳೆರಡೂ ಒಂದೇ ವರ್ಷದಲ್ಲಿ ಮಾನ್ಯತೆ ಪಡೆದುದು ಸ್ವಾರಸ್ಯದ ಸಂಗತಿ.

ಒಂದಕ್ಷರದ ಸ್ಖಾಲಿತ್ಯ

ಡಿ.ಎನ್.ಎ.ಯು ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ ಗ್ರಂಥವೆಂದು ಭಾವಿಸಬಹುದು. ಮನುಷ್ಯನ ಈ ಗ್ರಂಥದ ಒಂದು ಪ್ರತಿಯಲ್ಲಿ ಸುಮಾರು ಮುನ್ನೂರು ಕೋಟಿ ಅಕ್ಷರಗಳಿವೆ. ಪ್ರೋಟೀನುಗಳನ್ನು ತಯಾರಿಸುವ ವಿಧಿಯನ್ನು ಹೇಳುವ ಪ್ರಕರಣಗಳು, ಎಂದರೆ ವಂಶವಾಹಿಗಳು, ಅದರಲ್ಲಿ ಸುಮಾರು ೨೦,೦೦೦. ಒಂದು ಜೀವಕೋಶದಲ್ಲಿರುವ ಡಿ.ಎನ್.ಎ.ಯನ್ನೆಲ್ಲ ಬಿಡಿಸಿ ಒಂದರ ಮುಂದೊಂದು ಇಟ್ಟರೆ ಎರಡು ಮೀಟರಿನಷ್ಟು ಉದ್ದವಾಗುತ್ತದೆ. ಅಷ್ಟೂ ಕಣ್ಣಿಗೆ ಕಾಣದ ಕೋಶಕೇಂದ್ರದೊಳಗೆ ಮಡಿಸಿ ಸುತ್ತಿಟ್ಟಂತಿದೆ.

ಓಲೆಗರಿಗಳನ್ನು ಪ್ರತಿಮಾಡುವ ಲಿಪಿಕಾರನು ಒಂದು ಅಕ್ಷರವನ್ನು ತಪ್ಪಿ ಬರೆದರೆ ಇಡೀ ಪದ್ಯದ ಅರ್ಥವೇ ಕೆಡುವುದುಂಟು; ಗ್ರಂಥಸಂಪಾದನೆ ಮಾಡಿದವರೆಲ್ಲರೂ ಇದನ್ನು ಕಂಡಿದ್ದಾರೆ. ದೇಹದ ಗ್ರಂಥದಲ್ಲಿಯೂ ಹೀಗೆಯೇ. ರಕ್ತದ ಹಿಮೋಗ್ಲೋಬಿನ್ನನ್ನು ವಿಧಿಸುವ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಪಲ್ಲಟವಾದರೆ ದುಂಡಗಿರಬೇಕಾದ ಕೆಂಪು ರಕ್ತಕಣವು ಕುಡುಗೋಲಿನಂತೆ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರವೇದನೆಯನ್ನು ತರುತ್ತದೆ. ಇದೇ ಕುಡುಗೋಲುಕಣ ರೋಗ, ಸಿಕಲ್ ಸೆಲ್ ರಕ್ತಹೀನತೆ. ಇದು ದೂರದೇಶದ ಮಾತಲ್ಲ. ನಮ್ಮ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಗಿರಿಜನರಲ್ಲಿ ಈ ರೋಗವಿದೆ. ೨೦೨೩ರ ಜುಲೈ ೧ರಂದು ಭಾರತ ಸರಕಾರವು ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನ ಕಾರ್ಯಕ್ರಮದ ವ್ಯಾಪ್ತಿಯಲ್ಲಿ ಕರ್ನಾಟಕವೂ ಸೇರಿದೆ.

ಪಾಠದೋಷವಿದ್ದಲ್ಲಿ ಶುದ್ಧಪಾಠವನ್ನು ಒದಗಿಸಬೇಕು. ವಂಶವಾಹಿ ಚಿಕಿತ್ಸೆಯ ಸಾರವು ಇಷ್ಟೇ. ಶುದ್ಧಪಾಠವನ್ನು ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸುವುದು ಇಂದು ಕಷ್ಟವಲ್ಲ. ಅದನ್ನು ದೇಹದ ಕೋಟ್ಯಂತರ ಕೋಶಗಳೊಳಗೆ ತಲುಪಿಸುವುದೇ ಕಷ್ಟ.

ವೈರಸ್ಸೆಂಬ ವಾಹನ

ಪ್ರಕೃತಿಯಲ್ಲಿ ಈ ವಿದ್ಯೆಯನ್ನು ಅನಾದಿಯಿಂದ ಸಾಧಿಸಿಕೊಂಡಿರುವುದು ವೈರಸ್ಸು. ಅದು ತನ್ನ ವಂಶವಾಹಿಗಳನ್ನು ನಮ್ಮ ಕೋಶದೊಳಗೆ ತೂರಿಸಿಯೇ ಬದುಕುವಂಥದು. ಆದುದರಿಂದ ಅದರ ಹಾನಿಕರವಾದ ಭಾಗವನ್ನು ತೆಗೆದು ಅಲ್ಲಿ ನಮಗೆ ಬೇಕಾದ ವಂಶವಾಹಿಯನ್ನು ಇಟ್ಟು ಕಳುಹಿಸುವ ಉಪಾಯವು ಹೊಳೆಯಿತು. ೧೯೯೦ರ ಸೆಪ್ಟೆಂಬರ್ ೧೪ರಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ, ಎ.ಡಿ.ಎ. ಎಂಬ ಕಿಣ್ವದ ಕೊರತೆಯಿಂದ ರೋಗನಿರೋಧಶಕ್ತಿಯನ್ನು ಕಳೆದುಕೊಂಡಿದ್ದ ನಾಲ್ಕು ವರ್ಷದ ಬಾಲಿಕೆಗೆ ಇಂಥ ಚಿಕಿತ್ಸೆಯನ್ನು ಆರಂಭಿಸಿದರು. ಆಕೆಯ ರಕ್ತದ ಬಿಳಿಕಣಗಳನ್ನು ಹೊರತೆಗೆದು, ವೈರಸ್ಸಿನ ಮೂಲಕ ಸರಿಯಾದ ವಂಶವಾಹಿಯನ್ನು ಸೇರಿಸಿ ಹಿಂದಿರುಗಿಸಿದರು. ಆ ಬಾಲಿಕೆಗೆ ಅದರ ಜತೆಯಲ್ಲಿಯೇ ಆ ಕಿಣ್ವವನ್ನೂ ಚುಚ್ಚುಮದ್ದಾಗಿ ಕೊಡುತ್ತಿದ್ದರು. ಅದು ರಕ್ತದಲ್ಲಿ ಹೆಚ್ಚು ಕಾಲ ಉಳಿಯಲೆಂದು ಅದಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಕೃತಕ ಪಾಲಿಮರನ್ನು ಹೊದಿಸಿದ್ದರು. ಹೀಗೆ ವಂಶವಾಹಿ ಚಿಕಿತ್ಸೆಯ ಪ್ರಥಮ ದಿನಗಳಲ್ಲಿಯೇ ಪಾಲಿಮರು ರೋಗಿಯ ಪಕ್ಕದಲ್ಲಿತ್ತು.

ಆದರೆ ವೈರಸ್ಸು ಎಷ್ಟೇ ಪಳಗಿದರೂ ವೈರಸ್ಸೇ. ೧೯೯೯ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಡೆದ ಪ್ರಯೋಗವೊಂದರಲ್ಲಿ ಅಡಿನೋವೈರಸ್ಸಿನ ಮೂಲಕ ವಂಶವಾಹಿಯನ್ನು ಪಡೆದ ೧೮ ವರ್ಷದ ತರುಣನು ನಾಲ್ಕೇ ದಿನಗಳಲ್ಲಿ ಮೃತನಾದನು. ಅವನ ದೇಹವು ವೈರಸ್ಸಿನ ವಿರುದ್ಧ ತೋರಿದ ಉಗ್ರ ಪ್ರತಿಕ್ರಿಯೆಯೇ ಅದಕ್ಕೆ ಕಾರಣವಾಯಿತು. ೨೦೦೨ರಲ್ಲಿ ಫ್ರಾನ್ಸಿನಿಂದ ಇನ್ನೊಂದು ಆಘಾತದ ವಾರ್ತೆ ಬಂದಿತು. ಅಲ್ಲಿ ಬೇರೊಂದು ಬಗೆಯ ವೈರಸ್ಸು ಮಕ್ಕಳ ಕೋಶಗಳಲ್ಲಿ ವಂಶವಾಹಿಯನ್ನು ತಪ್ಪು ಸ್ಥಳದಲ್ಲಿ ಸೇರಿಸಿದ್ದರಿಂದ ರಕ್ತದ ಕ್ಯಾನ್ಸರು ತಲೆದೋರಿತ್ತು.

ಇಂದು ಬಳಕೆಯಲ್ಲಿರುವ ಅಡಿನೋಸಂಬಂಧಿ ವೈರಸ್ಸು ಅವುಗಳಿಗಿಂತ ಸೌಮ್ಯವಾದುದು. ಆದರೂ ಅದಕ್ಕೆ ಎರಡು ಮಿತಿಗಳಿವೆ. ಅದರ ಒಡಲಲ್ಲಿ ಸುಮಾರು ೪,೭೦೦ ಅಕ್ಷರಗಳಿಗೆ ಮಾತ್ರ ಸ್ಥಳವಿದೆ. ಸ್ನಾಯುಕ್ಷಯದ ಒಂದು ಬಗೆಗೆ ಕಾರಣವಾದ ಡಿಸ್ಟ್ರೋಫಿನ್ ವಂಶವಾಹಿಯ ವಿಧಿವಾಕ್ಯವೇ ಸುಮಾರು ೧೧,೦೦೦ ಅಕ್ಷರಗಳಷ್ಟು ದೊಡ್ಡದು. ಅಲ್ಲದೆ ಒಮ್ಮೆ ಪಡೆದ ದೇಹವು ಆ ವೈರಸ್ಸನ್ನು ಗುರುತಿಟ್ಟುಕೊಂಡು ಎರಡನೆಯ ಸಲ ಒಳಗೆ ಬಿಡುವುದಿಲ್ಲ. ಇವೆರಡರ ಮೇಲೆ ಅದರ ತಯಾರಿಕೆಯ ವೆಚ್ಚವೂ ಅಪಾರ.

ಪಾಲಿಮರುಗಳ ಪ್ರವೇಶ

ಹಾಗಾದರೆ ಜೀವವೇ ಇಲ್ಲದ, ದೇಹಕ್ಕೆ ಗುರುತಿಲ್ಲದ, ಬೇಕಾದಷ್ಟು ತಯಾರಿಸಬಹುದಾದ ವಾಹನವನ್ನು ರಚಿಸಲಾಗದೆ? ಈ ಪ್ರಶ್ನೆಗೆ ಉತ್ತರವು ಡಿ.ಎನ್.ಎ.ಯ ಸ್ವಭಾವದಲ್ಲಿಯೇ ಅಡಗಿತ್ತು. ಡಿ.ಎನ್.ಎ.ಯ ಬೆನ್ನೆಲುಬಿನ ಉದ್ದಕ್ಕೂ ಫಾಸ್ಫೇಟ್ ಗುಂಪುಗಳಿವೆ. ಪ್ರತಿಯೊಂದರ ಮೇಲೂ ಋಣವಿದ್ಯುದಂಶವಿದೆ. ಜೀವಕೋಶದ ಹೊರಮೈಯೂ ಋಣವಿದ್ಯುದಂಶವುಳ್ಳದ್ದೇ. ಸಮಾನವಾದ ಅಂಶಗಳು ಪರಸ್ಪರ ದೂಡುತ್ತವೆ ಎಂಬುದನ್ನು ನಮ್ಮ ಪ್ರೌಢಶಾಲೆಯ ಬಾಲಕನೂ ಬಲ್ಲನು. ಹೀಗಾಗಿ ಬರಿಯ ಡಿ.ಎನ್.ಎ. ಕೋಶದ ಹತ್ತಿರ ಹೋದರೂ ಬಾಗಿಲು ತೆರೆಯುವುದಿಲ್ಲ.

ಧನವಿದ್ಯುದಂಶವುಳ್ಳ ಪಾಲಿಮರನ್ನು ಡಿ.ಎನ್.ಎ.ಯ ದ್ರಾವಣಕ್ಕೆ ಬೆರೆಸಿದರೆ ಏನಾಗುವುದು? ಎರಡೂ ಒಂದನ್ನೊಂದು ಸೆಳೆದು ಅಪ್ಪಿಕೊಳ್ಳುತ್ತವೆ. ದೂಡುವ ಋಣಾಂಶವು ಶಮನಗೊಂಡ ಡಿ.ಎನ್.ಎ. ಮುದುಡಿಕೊಂಡು ಗಟ್ಟಿಯಾದ ಕಣವಾಗುತ್ತದೆ. ಐದು ಸಾವಿರ ಅಕ್ಷರಗಳ ಡಿ.ಎನ್.ಎ.ಯ ಉದ್ದವು ಒಂದು ಮಿಲಿಮೀಟರಿನ ಸಾವಿರದಲ್ಲಿ ಸುಮಾರು ೧.೭ ಭಾಗ, ಮುದುಡಿದ ಬಳಿಕ ಕಣದ ಅಡ್ಡಗಲವು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಪಾಲಿಮರು ಸ್ವಲ್ಪ ಹೆಚ್ಚಾಗಿದ್ದರೆ ಕಣದ ಹೊರಮೈ ಧನಾಂಶವನ್ನು ತಳೆದು ಕೋಶದ ಮೈಗೆ ತಾನಾಗಿ ಅಂಟಿಕೊಳ್ಳುತ್ತದೆ. ಇಂಥ ಜೋಡಿಕಣಕ್ಕೆ ‘ಪಾಲಿಪ್ಲೆಕ್ಸ್’ ಎಂದು ಹೆಸರು. ವ್ಯಾಕರಣದ ಪರಿಭಾಷೆಯಲ್ಲಿ ಇದನ್ನು ಒಂದು ಸಮಾಸವೆನ್ನಬಹುದು: ಎರಡು ಪದಗಳು ತಮ್ಮ ವಿಭಕ್ತಿಗಳನ್ನು ಅಡಗಿಸಿಕೊಂಡು ಒಂದೇ ಪದದಂತೆ ನಡೆಯುತ್ತವೆ.

೧೯೬೫ರಲ್ಲಿ ವಹೇರಿ ಮತ್ತು ಪಗಾನೋ ಎಂಬವರು, ಧನಾಂಶವನ್ನು ಜೋಡಿಸಿದ ಡೆಕ್ಸ್‌ಟ್ರಾನ್ ಎಂಬ ಸಕ್ಕರೆಯ ಪಾಲಿಮರನ್ನು ಬೆರೆಸಿದರೆ ಪೋಲಿಯೋ ವೈರಸ್ಸಿನ ಆರ್.ಎನ್.ಎ. ಕೋಶಗಳೊಳಗೆ ಎಷ್ಟೋ ಸುಲಭವಾಗಿ ಸೇರುವುದೆಂದು ತೋರಿಸಿದರು. ೧೯೮೭ರಲ್ಲಿ ಅಮೆರಿಕದ ಜಾರ್ಜ್ ವೂ ಮತ್ತು ಕ್ಯಾಥರೀನ್ ವೂ ಒಂದು ಹೆಜ್ಜೆ ಮುಂದಿಟ್ಟರು. ಯಕೃತ್ತಿನ ಕೋಶಗಳ ಮೈಮೇಲೆ ಮಾತ್ರ ಹೇರಳವಾಗಿರುವ ಒಂದು ಗ್ರಾಹಕವಿದೆ. ಅದು ಗ್ಯಾಲಕ್ಟೋಸ್ ಸಕ್ಕರೆಯನ್ನು ತುದಿಯಲ್ಲುಳ್ಳ ಪ್ರೋಟೀನುಗಳನ್ನು ಗುರುತಿಸಿ ಒಳಗೆ ಕರೆದುಕೊಳ್ಳುತ್ತದೆ. ಅವರು ಪಾಲಿಲೈಸೀನ್ ಎಂಬ ಪಾಲಿಮರಿಗೆ ಅಂಥ ಪ್ರೋಟೀನನ್ನು ಜೋಡಿಸಿ, ಅದರಿಂದ ಡಿ.ಎನ್.ಎ.ಯನ್ನು ಕಟ್ಟಿ, ಯಕೃತ್ತಿನ ಕೋಶಗಳಿಗೇ ಕಳುಹಿಸಿದರು. ಪೊಟ್ಟಣಕ್ಕೆ ಮೊದಲ ಬಾರಿಗೆ ವಿಳಾಸವನ್ನು ಬರೆದಂತಾಯಿತು.

೧೯೯೫ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬೂರ್ಗಿನಲ್ಲಿ ಬುಸಿಫ್, ಬೆಹರ್ ಮತ್ತು ಸಂಗಡಿಗರು ಪಾಲಿಎಥಿಲೀನಿಮೀನ್ ಎಂಬ ಪಾಲಿಮರನ್ನು ಪ್ರಯೋಗಿಸಿ ಅದರ ಸಾಮರ್ಥ್ಯವನ್ನು ಪ್ರಕಟಿಸಿದರು. ಇದು ಕಾಗದದ ಕಾರ್ಖಾನೆಗಳಲ್ಲಿ, ನೀರಿನ ಶುದ್ಧೀಕರಣದಲ್ಲಿ ಬಳಸುತ್ತಿದ್ದ ಸಾಮಾನ್ಯ ವಸ್ತು. ಇದರ ಸರದಲ್ಲಿ ಪ್ರತಿ ಮೂರನೆಯ ಪರಮಾಣುವೂ ನೈಟ್ರೋಜನ್. ಹೀಗೆ ಧನಾಂಶವನ್ನು ತಳೆಯಬಲ್ಲ ಸ್ಥಾನಗಳು ಇದರಲ್ಲಿರುವಷ್ಟು ದಟ್ಟವಾಗಿ ಬೇರೊಂದರಲ್ಲಿ ಸಿಗುವುದು ದುರ್ಲಭ. ಕಾರ್ಖಾನೆಯ ಅಂಗಳದ ಈ ವಸ್ತುವು ಕೋಶವಿಜ್ಞಾನದ ಪ್ರಯೋಗಶಾಲೆಗಳಲ್ಲೆಲ್ಲ ಮನೆಮಾತಾಯಿತು.

ದಾರಿಯ ಐದು ತಡೆಗಳು

ಕೋಶದ ಮೈಗೆ ಅಂಟಿದ ಮಾತ್ರಕ್ಕೆ ಕಾರ್ಯವು ಸಿದ್ಧಿಸಲಿಲ್ಲ. ಪೊಟ್ಟಣವು ಐದು ತಡೆಗಳನ್ನು ದಾಟಬೇಕು.

ಮೊದಲನೆಯದು ರಕ್ತಪ್ರವಾಹ. ರಕ್ತದ ಪ್ರೋಟೀನುಗಳಲ್ಲಿ ಅನೇಕವು ಋಣಾಂಶವುಳ್ಳವು. ಅವು ಧನಾಂಶದ ಕಣಗಳಿಗೆ ಮುತ್ತಿಕೊಂಡು ಅವನ್ನು ಗುಂಪುಗಟ್ಟಿಸುತ್ತವೆ. ಗುಂಪುಗಟ್ಟಿದವು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ.

ಎರಡನೆಯದು ಕೋಶಪೊರೆ. ಕಣವು ಪೊರೆಯನ್ನು ತೂರಿ ಹೋಗುವುದಿಲ್ಲ. ಪೊರೆಯೇ ಒಳಮುಖವಾಗಿ ಬಾಗಿ, ಕಣವನ್ನು ಸುತ್ತುವರಿದು, ಸಣ್ಣ ಸಂಚಿಯಂತೆ ಕಳಚಿಕೊಂಡು ಒಳಗೆ ಹೋಗುತ್ತದೆ. ಈ ಸಂಚಿಗೆ ಎಂಡೋಸೋಮ್ ಎಂದು ಹೆಸರು.

ಮೂರನೆಯದು ಆ ಸಂಚಿಯೇ. ಒಳಗೆ ಬಂದ ಕಣವು ಇನ್ನೂ ಸಂಚಿಯ ಸೆರೆಯಲ್ಲಿದೆ. ಕೋಶವು ಸಂಚಿಯೊಳಗೆ ಪ್ರೋಟಾನುಗಳನ್ನು ತುಂಬುತ್ತ ಆಮ್ಲವನ್ನು ಹೆಚ್ಚಿಸುತ್ತದೆ. ಕೊನೆಗೆ ಜೀರ್ಣಕಿಣ್ವಗಳು ಒಳಗಿನದೆಲ್ಲವನ್ನೂ ಕರಗಿಸುತ್ತವೆ. ಹೆಚ್ಚಿನ ಪೊಟ್ಟಣಗಳ ಯಾತ್ರೆಯು ಇಲ್ಲಿಯೇ ಮುಗಿಯುತ್ತದೆ. ಪಾಲಿಎಥಿಲೀನಿಮೀನ್ ಇಲ್ಲಿಂದ ಪಾರಾಗುವ ಬಗೆಗೆ ಬೆಹರ್ ಅವರು ಒಂದು ವಾದವನ್ನು ಮುಂದಿಟ್ಟರು. ಈ ಪಾಲಿಮರಿನ ನೈಟ್ರೋಜನ್ನುಗಳಲ್ಲಿ ಒಂದು ಅಲ್ಪಭಾಗ ಮಾತ್ರ ಮೊದಲೇ ಧನಾಂಶವನ್ನು ಪಡೆದಿರುತ್ತದೆ. ಉಳಿದವು ಬರುವ ಪ್ರೋಟಾನುಗಳನ್ನು ಸ್ಪಂಜಿನಂತೆ ಹೀರುತ್ತ ಹೋಗುತ್ತವೆ. ಕೋಶವು ಮತ್ತಷ್ಟು ಪ್ರೋಟಾನುಗಳನ್ನು ತುಂಬುತ್ತದೆ. ಅವುಗಳ ಹಿಂದೆ ಕ್ಲೋರೈಡ್ ಅಯಾನುಗಳು, ಅವುಗಳ ಹಿಂದೆ ನೀರು ಬರುತ್ತವೆ. ಸಂಚಿಯು ಉಬ್ಬಿ ಒಡೆಯುತ್ತದೆ. ‘ಪ್ರೋಟಾನು ಸ್ಪಂಜು’ ಎಂಬ ಈ ವಾದವು ಬಹುಕಾಲ ಸರ್ವಮಾನ್ಯವಾಗಿತ್ತು. ಆದರೆ ೨೦೧೩ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಇಂಥ ಸಂಚಿಗಳ ಆಮ್ಲತೆಯನ್ನು ನೇರವಾಗಿ ಅಳೆದು, ವಾದವು ನಿರೀಕ್ಷಿಸುವ ಬದಲಾವಣೆ ಅಲ್ಲಿ ಕಾಣದೆಂದು ತೋರಿಸಿದರು. ಪಾಲಿಮರು ಪೊರೆಗೆ ನೇರವಾಗಿ ತಾಗಿ ಅದನ್ನು ಸಡಿಲಿಸುವುದೆಂದು ಹೇಳುವವರೂ ಇದ್ದಾರೆ. ಪೂರ್ವಪಕ್ಷ, ಉತ್ತರಪಕ್ಷಗಳ ಈ ವಿಚಾರ ಇನ್ನೂ ಸಿದ್ಧಾಂತಕ್ಕೆ ಬಂದಿಲ್ಲ.

ನಾಲ್ಕನೆಯದು ಬಿಡುಗಡೆ. ಡಿ.ಎನ್.ಎ.ಯನ್ನು ಬಿಗಿಯಾಗಿ ಅಪ್ಪಿದ ಪಾಲಿಮರು ಈಗ ಅದನ್ನು ಬಿಟ್ಟುಕೊಡಬೇಕು. ಸಡಿಲವಾಗಿ ಕಟ್ಟಿದರೆ ದಾರಿಯಲ್ಲಿಯೇ ಕಳಚುತ್ತದೆ. ಬಿಗಿಯಾಗಿ ಕಟ್ಟಿದರೆ ಗುರಿ ಮುಟ್ಟಿಯೂ ಓದಲಾಗದಂತೆ ಉಳಿಯುತ್ತದೆ. ಸಮಾಸವು ಎಷ್ಟೇ ಸುಂದರವಾಗಿರಲಿ, ಅರ್ಥವಾಗಬೇಕಾದರೆ ಓದುವವನು ಅದನ್ನು ವಿಗ್ರಹಿಸಲೇಬೇಕಷ್ಟೆ.

ಐದನೆಯದು ಕೋಶಕೇಂದ್ರದ ಆವರಣ. ಅದರ ರಂಧ್ರಗಳು ಬಲು ಕಿರಿದು. ಅಷ್ಟು ದೊಡ್ಡ ಡಿ.ಎನ್.ಎ. ತಾನಾಗಿ ನುಸುಳಲಾರದು. ೧೯೮೦ರಲ್ಲಿ ಮಾರಿಯೋ ಕಪೆಕಿ ಅವರು ಅತಿ ಸೂಕ್ಷ್ಮವಾದ ಸೂಜಿಯಿಂದ ಡಿ.ಎನ್.ಎ.ಯನ್ನು ಕೋಶಗಳಿಗೆ ಚುಚ್ಚಿ ಪರೀಕ್ಷಿಸಿದ್ದರು. ಕೋಶಕೇಂದ್ರಕ್ಕೇ ಚುಚ್ಚಿದಾಗ ಅರ್ಧಕ್ಕಿಂತ ಹೆಚ್ಚು ಕೋಶಗಳಲ್ಲಿ ವಂಶವಾಹಿ ಕೆಲಸ ಮಾಡಿತು. ಕೇಂದ್ರದ ಹೊರಗಿನ ಕೋಶರಸಕ್ಕೆ ಚುಚ್ಚಿದಾಗ ಏನೂ ಫಲ ಕಾಣಲಿಲ್ಲ. ಕೋಶವು ಇಬ್ಭಾಗವಾಗುವ ಸಮಯದಲ್ಲಿ ಈ ಆವರಣವು ತಾತ್ಕಾಲಿಕವಾಗಿ ಕರಗುವುದರಿಂದ ಆಗ ಪ್ರವೇಶವು ಸುಲಭ. ಇಬ್ಭಾಗವಾಗದ ನರಕೋಶಗಳಂಥವುಗಳಲ್ಲಿ ಕೆಲಸವು ಕಠಿನ.

ದೋಷಗಳೂ ಪರಿಹಾರಗಳೂ

ಪಾಲಿಎಥಿಲೀನಿಮೀನಿನಲ್ಲಿ ಒಂದು ದೊಡ್ಡ ದೋಷವಿದೆ. ಸರವು ಉದ್ದವಾದಷ್ಟೂ ಅದರ ಸಾಮರ್ಥ್ಯ ಹೆಚ್ಚು, ವಿಷತ್ವವೂ ಹೆಚ್ಚು. ಡಿ.ಎನ್.ಎ.ಯನ್ನು ಸೆಳೆಯುವ ಅದೇ ಧನಾಂಶವು ಕೋಶದ ಪೊರೆಗಳನ್ನೂ ಹರಿಯುತ್ತದೆ. ಮೇಲಾಗಿ ಈ ಸರವು ದೇಹದಲ್ಲಿ ಸುಲಭವಾಗಿ ಕರಗುವುದಿಲ್ಲ. ಆದುದರಿಂದ ಕೆಲಸ ಮುಗಿದೊಡನೆ ತಾನೇ ತುಂಡಾಗುವ ಪಾಲಿಮರುಗಳನ್ನು ರಚಿಸುವುದು ಮುಂದಿನ ಹೆಜ್ಜೆಯಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಡೇವಿಡ್ ಲಿನ್ ಮತ್ತು ರಾಬರ್ಟ್ ಲ್ಯಾಂಗರ್ ೨೦೦೦ದಲ್ಲಿ ಎಸ್ಟರ್ ಬಂಧಗಳುಳ್ಳ ಪಾಲಿ ಬೀಟಾ ಅಮೈನೋ ಎಸ್ಟರುಗಳನ್ನು ವರದಿಮಾಡಿದರು. ಈ ಬಂಧಗಳು ನೀರಿನ ಸಂಪರ್ಕದಲ್ಲಿ ಕಾಲಕ್ರಮದಲ್ಲಿ ಮುರಿಯುತ್ತವೆ. ಯಾವ ರಚನೆ ಉತ್ತಮವೆಂದು ಮುಂಗಂಡು ಹೇಳಲಾಗದ್ದರಿಂದ ೨೦೦೩ರಲ್ಲಿ ಅದೇ ಗುಂಪಿನವರು ಇಂಥ ೨,೩೫೦ ಪಾಲಿಮರುಗಳನ್ನು ಒಟ್ಟಿಗೆ ತಯಾರಿಸಿ ಒಂದೊಂದನ್ನೂ ಪರೀಕ್ಷಿಸಿದರು. ಮತ್ತೆ ಕೆಲವರು ಸಣ್ಣ ಸರಗಳನ್ನು ಗಂಧಕದ ಜೋಡಿಬಂಧದಿಂದ ಹೊಸೆದರು. ಕೋಶದ ಹೊರಗೆ ಈ ಬಂಧವು ಭದ್ರ; ಒಳಗೆ ಗ್ಲೂಟಾಥಯೋನ್ ಎಂಬ ವಸ್ತುವು ಅಧಿಕವಾಗಿರುವುದರಿಂದ ಅದು ಬಿಚ್ಚಿಕೊಂಡು ಡಿ.ಎನ್.ಎ.ಯನ್ನು ಬಿಡುತ್ತದೆ. ನಾಲ್ಕನೆಯ ತಡೆಗೆ ಇದು ಒಳ್ಳೆಯ ಪರಿಹಾರ.

ರಕ್ತದ ತಡೆಗೆ ಪಾಲಿಎಥಿಲೀನ್ ಗ್ಲೈಕಾಲಿನ ಹೊದಿಕೆಯನ್ನು ಕಣದ ಮೇಲೆ ಹಾಕುವುದು ರೂಢಿಯಾಯಿತು. ಅದಕ್ಕೆ ವಿದ್ಯುದಂಶವಿಲ್ಲ, ನೀರಿನೊಡನೆ ಸ್ನೇಹವಿದೆ, ಆದುದರಿಂದ ರಕ್ತದ ಪ್ರೋಟೀನುಗಳು ಅಂಟುವುದಿಲ್ಲ. ಆದರೆ ಹೊದಿಕೆಯು ದಪ್ಪವಾದಷ್ಟೂ ಕೋಶಕ್ಕೂ ಅಂಟದೆ ಹೋಗುತ್ತದೆ. ಕೆಲವರ ದೇಹದಲ್ಲಿ ಈ ವಸ್ತುವಿನ ವಿರುದ್ಧವೇ ಪ್ರತಿಕಾಯಗಳಿರುವುದೂ ಕಂಡುಬಂದಿದೆ. ಒಂದು ದೋಷವನ್ನು ತಿದ್ದಿದಾಗ ಇನ್ನೊಂದು ತಲೆಯೆತ್ತುವುದು ಈ ಶಾಸ್ತ್ರದ ನಿತ್ಯದ ಅನುಭವ.

ಮನುಷ್ಯರಲ್ಲಿ ಪರೀಕ್ಷೆ

ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ಮಾರ್ಕ್ ಡೇವಿಸ್ ಅವರು ಪಿಷ್ಟದಿಂದ ದೊರೆಯುವ ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಬಳೆಯಾಕಾರದ ಅಣುವನ್ನು ಪೋಣಿಸಿ ಒಂದು ಪಾಲಿಮರನ್ನು ರಚಿಸಿದರು. ಅದಕ್ಕೆ ಹೊರಹೊದಿಕೆಯನ್ನು ಕೊಟ್ಟು, ಕ್ಯಾನ್ಸರು ಕೋಶಗಳು ಹೆಚ್ಚಾಗಿ ಬಯಸುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನನ್ನು ವಿಳಾಸವಾಗಿ ಜೋಡಿಸಿದರು. ಅದರ ಹೊರೆಯು ಸಣ್ಣ ಆರ್.ಎನ್.ಎ. ತುಣುಕು, ಕೋಶದ ಒಂದು ನಿರ್ದಿಷ್ಟ ವಂಶವಾಹಿಯ ಸಂದೇಶವನ್ನು ತಡೆಯುವುದು ಅದರ ಕೆಲಸ. ಇಂಥ ತಡೆಯ ತತ್ತ್ವವನ್ನು ಫೈರ್ ಮತ್ತು ಮೆಲ್ಲೊ ೧೯೯೮ರಲ್ಲಿ ಪ್ರಕಟಿಸಿ ೨೦೦೬ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಪಡೆದಿದ್ದರು. ಆರ್.ಎನ್.ಎ.ಗೆ ಕೋಶಕೇಂದ್ರವನ್ನು ಹೊಗುವ ಅಗತ್ಯವಿಲ್ಲದ್ದರಿಂದ ಐದನೆಯ ತಡೆಯೇ ಇಲ್ಲವಾಯಿತು. ೨೦೦೮ರಲ್ಲಿ ರೋಗಿಗಳಿಗೆ ಇದನ್ನು ಕೊಡಲಾರಂಭಿಸಿದರು. ೨೦೧೦ರಲ್ಲಿ ಚರ್ಮದ ಕ್ಯಾನ್ಸರಿನ ಗಂಟುಗಳೊಳಗೆ ಕಣಗಳು ತಲುಪಿದುದನ್ನೂ ಆ ವಂಶವಾಹಿಯ ಸಂದೇಶವು ಕತ್ತರಿಸಲ್ಪಟ್ಟುದನ್ನೂ ಪ್ರಕಟಿಸಿದರು. ಆ ಔಷಧವು ಮಾರುಕಟ್ಟೆಗೆ ಬರಲಿಲ್ಲ. ಆದರೂ ರಕ್ತಕ್ಕೆ ಹಾಕಿದ ಪಾಲಿಮರು ಕಣವು ಮನುಷ್ಯದೇಹದಲ್ಲಿ ಗುರಿಯನ್ನು ಮುಟ್ಟಿ ಕೆಲಸ ಮಾಡಬಲ್ಲುದೆಂದು ಸಿದ್ಧವಾಯಿತು.

ಅನಂತರದ ವರ್ಷಗಳಲ್ಲಿ ಮುಂದೆ ನಡೆದುದು ಪಾಲಿಮರಿನ ಜ್ಞಾತಿಯಾದ ಕೊಬ್ಬಿನ ಕಣ, ಎಂದರೆ ಲಿಪಿಡ್ ಕಣ. ೨೦೧೮ರಲ್ಲಿ ಯಕೃತ್ತಿಗೆ ಆರ್.ಎನ್.ಎ.ಯನ್ನು ಒಯ್ಯುವ ಅಂಥ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ೨೦೨೦ರ ಕೊನೆಯಲ್ಲಿ ಬಂದ ಕೊರೋನಾ ರೋಗದ ಸಂದೇಶವಾಹಿ ಆರ್.ಎನ್.ಎ. ಲಸಿಕೆಗಳೂ ಅಂಥ ಕಣಗಳಲ್ಲಿಯೇ ಪ್ರಯಾಣ ಮಾಡಿದವು. ಆಮ್ಲದಲ್ಲಿ ಧನಾಂಶವನ್ನು ತಳೆದು ಸಂಚಿಯಿಂದ ಪಾರಾಗುವ ಅವುಗಳ ಉಪಾಯವು ಪಾಲಿಮರುಗಳ ಉಪಾಯಕ್ಕೆ ಸಮೀಪವಾದುದು. ಅವುಗಳ ಹೊರಮೈಯಲ್ಲಿರುವುದೂ ಪಾಲಿಎಥಿಲೀನ್ ಗ್ಲೈಕಾಲಿನ ಸರಗಳೇ.

ನಮ್ಮ ದೇಶದಲ್ಲಿ ೨೦೨೧ರ ಆಗಸ್ಟಿನಲ್ಲಿ ತುರ್ತು ಬಳಕೆಗೆ ಅನುಮತಿ ಪಡೆದ ಝೈಕೋವ್‌–ಡಿ ಲಸಿಕೆಯು ಮನುಷ್ಯರಿಗಾಗಿ ಮಂಜೂರಾದ ಪ್ರಪಂಚದ ಪ್ರಥಮ ಡಿ.ಎನ್.ಎ. ಲಸಿಕೆ. ಅದರಲ್ಲಿ ವಾಹನವೇ ಇರಲಿಲ್ಲ. ಸೂಜಿಯಿಲ್ಲದ ಸಾಧನದಿಂದ ದ್ರವವನ್ನು ರಭಸವಾಗಿ ಚರ್ಮದೊಳಗೆ ಚಿಮ್ಮಿಸುತ್ತಿದ್ದರು. ಪ್ರತಿ ಸಲ ೨ ಮಿಲಿಗ್ರಾಮಿನಂತೆ ಮೂರು ಸಲ ಕೊಡಬೇಕಾಗಿತ್ತು. ಲಿಪಿಡ್ ಕಣದಲ್ಲಿ ಬಂದ ಒಂದು ಪ್ರಸಿದ್ಧ ಆರ್.ಎನ್.ಎ. ಲಸಿಕೆಯಲ್ಲಿ ಒಂದು ಸಲಕ್ಕೆ ೩೦ ಮೈಕ್ರೋಗ್ರಾಮ್ ಸಾಕಾಗಿತ್ತು. ಇವೆರಡೂ ಬೇರೆಬೇರೆ ಜಾತಿಯ ಲಸಿಕೆಗಳಾದ್ದರಿಂದ ಅಂತರವೆಲ್ಲವೂ ವಾಹನದಿಂದಲೇ ಬಂದಿತೆನ್ನುವಂತಿಲ್ಲ. ಆದರೂ ವಾಹನದ ಬೆಲೆಯನ್ನು ಊಹಿಸಲು ಈ ಅಂಕೆಗಳು ನೆರವಾಗುತ್ತವೆ.

ಇತ್ತ ಪಾಲಿಎಥಿಲೀನಿಮೀನಿಗೂ ಒಂದು ಕಾಯಕವು ದೊರೆತಿದೆ. ವೈರಸ್ ವಾಹನಗಳನ್ನು ಕಾರ್ಖಾನೆಯಲ್ಲಿ ಬೆಳೆಸುವಾಗ ಅದಕ್ಕೆ ಬೇಕಾದ ಡಿ.ಎನ್.ಎ.ಯನ್ನು ಮಾನವಕೋಶಗಳೊಳಗೆ ಹೊಗಿಸಲು ವ್ಯಾಪಕವಾಗಿ ಬಳಸುವುದು ಈ ಪಾಲಿಮರನ್ನೇ. ವೈರಸ್ಸಿಗೆ ಪ್ರತಿಸ್ಪರ್ಧಿಯಾಗಿ ಬಂದುದು ಅದರ ಬೆನ್ನಹಿಂದೆ ನಿಂತು ದುಡಿಯುತ್ತಿದೆ.

ತಲುಪಿಸುವುದೆಂದರೆ ಯಾರಿಗೆ?

ಈ ಶಾಸ್ತ್ರವನ್ನು ದಾನಿಗಳೂ ಶಿಕ್ಷಕರೂ ಏಕೆ ತಿಳಿಯಬೇಕೆಂಬುದಕ್ಕೆ ಈಗ ಬರುತ್ತೇನೆ. ಮಕ್ಕಳ ಬೆನ್ನುಹುರಿಯ ನರಗಳು ಕ್ಷೀಣಿಸುವ ಒಂದು ರೋಗಕ್ಕೆ ೨೦೧೯ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ವೈರಸ್ ವಾಹನದ ಚಿಕಿತ್ಸೆಗೆ ೨೧ ಲಕ್ಷ ಡಾಲರುಗಳ ಬೆಲೆಯನ್ನು ನಿಗದಿಮಾಡಿದರು. ಎಂದರೆ ಆಗಿನ ನಮ್ಮ ಲೆಕ್ಕದಲ್ಲಿ ೧೫ ಕೋಟಿ ರೂಪಾಯಿಗಳ ಆಸುಪಾಸು. ನಮ್ಮ ದೇಶದ ಎಷ್ಟೋ ತಂದೆತಾಯಿಗಳು ಎಳೆಯ ಕಂದನ ಪ್ರಾಣಕ್ಕಾಗಿ ಸಾರ್ವಜನಿಕರ ಮುಂದೆ ಸೆರಗೊಡ್ಡಿ ನಿಂತುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ೨೦೨೨ರಲ್ಲಿ ಹಿಮೋಫಿಲಿಯಾದ ಒಂದು ಬಗೆಗೆ ಬಂದ ಚಿಕಿತ್ಸೆಯ ಬೆಲೆ ಆಗ ೩೫ ಲಕ್ಷ ಡಾಲರಾಗಿತ್ತು. ಕುಡುಗೋಲುಕಣ ರೋಗಕ್ಕೆ ೨೦೨೩ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಅನುಮತಿ ಪಡೆದ ವಂಶವಾಹಿ ತಿದ್ದುಗೆಯ ಚಿಕಿತ್ಸೆಯಲ್ಲಿ ರೋಗಿಯ ಮೂಲಕೋಶಗಳನ್ನು ಹೊರತೆಗೆದು, ತೀವ್ರ ಔಷಧಗಳಿಂದ ಅವನ ಅಸ್ಥಿಮಜ್ಜೆಯನ್ನು ಬರಿದುಮಾಡಿ, ತಿದ್ದಿದ ಕೋಶಗಳನ್ನು ಹಿಂದಿರುಗಿಸಬೇಕು. ದೊಡ್ಡ ಆಸ್ಪತ್ರೆಯಲ್ಲಿ ದೀರ್ಘಕಾಲದ ವಾಸ ಅದಕ್ಕೆ ಅವಶ್ಯ. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಸೋಲಿಗರ ಬಾಲಕನಿಗೆ ಇದು ಎಂದು ದೊರಕೀತು?

ಪಾಲಿಮರುಗಳ ಮೇಲೆ ವಿಜ್ಞಾನಿಗಳು ಇಟ್ಟಿರುವ ಆಸೆಯ ಅರ್ಥವು ಇಲ್ಲಿ ಸ್ಪಷ್ಟವಾಗುತ್ತದೆ. ಪಾಲಿಮರು ರಸಾಯನದ ಪಾತ್ರೆಯಲ್ಲಿ ತಯಾರಾಗುವಂಥದು. ಹೊರೆಯ ಗಾತ್ರಕ್ಕೆ ಅದರಲ್ಲಿ ವೈರಸ್ಸಿನಂಥ ಕಟ್ಟುನಿಟ್ಟಿನ ಮಿತಿಯಿಲ್ಲ. ಮತ್ತೆ ಮತ್ತೆ ಕೊಡುವ ಸಂಭವವಿದೆ. ಅದರ ಸಾಮರ್ಥ್ಯವು ಇನ್ನೂ ವೈರಸ್ಸಿಗಿಂತ ಬಹಳ ಕಡಿಮೆ. ಆ ಅಂತರವು ತುಂಬಿದ ದಿನ ಒಂದು ಚುಚ್ಚುಮದ್ದು ಜಿಲ್ಲಾಸ್ಪತ್ರೆಯಲ್ಲಿ ಮಾಡಬಹುದಾದ ಕೆಲಸವು, ಇಂದು ಕೋಟಿ ಕೋಟಿ ಹಣವನ್ನು ಕೇಳುತ್ತಿದೆ. ಬೆಲೆಯು ತಯಾರಿಕೆಯ ವೆಚ್ಚವೊಂದರಿಂದಲೇ ನಿರ್ಧಾರವಾಗುವುದಿಲ್ಲವೆಂಬುದನ್ನೂ ಮರೆಯಬಾರದು. ಹಕ್ಕುಪತ್ರಗಳು, ಲಾಭದ ಲೆಕ್ಕಗಳು ಅದರೊಡನೆ ಸೇರಿವೆ. ಕಣವು ದಾಟಬೇಕಾದ ಐದು ತಡೆಗಳನ್ನು ಮೇಲೆ ಹೇಳಿದೆ. ರೋಗಿಯು ದಾಟಬೇಕಾದ ಹಣದ ತಡೆಯು ಆರನೆಯದು. ಅದನ್ನು ತೆಗೆಯುವ ಹೊಣೆಯು ಸಮಾಜದ್ದು.

ದಾಸೋಹವೆಂದರೆ ಅನ್ನವನ್ನು ಹಂಚುವುದಷ್ಟೇ ಅಲ್ಲವೆಂದು ಶ್ರೀಮಠದ ಪರಂಪರೆ ತನ್ನ ನಡೆಯಿಂದಲೇ ತೋರಿಸಿದೆ. ಪ್ರಸಾದನಿಲಯದಲ್ಲಿ ಉಂಡು, ಈ ಶಾಲೆಯಲ್ಲಿ ಓದಿದ ಬಡಮಕ್ಕಳು ಸಾವಿರಾರು. ಅವರಿಗಾಗಿ ಜೋಳವನ್ನೂ ಹಣವನ್ನೂ ಕೊಟ್ಟ ದಾನಿಗಳು, ಕೊಟ್ಟದ್ದು ಯಾವ ಮಗುವಿನಲ್ಲಿ ಯಾವ ರೂಪದಲ್ಲಿ ಫಲಿಸುವುದೆಂದು ಕೇಳಲಿಲ್ಲ. ಇಂದಿನ ನಮ್ಮ ವಿಜ್ಞಾನದ ಕೊಠಡಿಯಲ್ಲಿ ಕುಳಿತ ಒಬ್ಬ ಹುಡುಗಿಯು ನಾಳೆ ಇಂಥದೊಂದು ಪಾಲಿಮರನ್ನು ರೂಪಿಸಲಾರಳೆಂದು ಯಾರು ಹೇಳಬಲ್ಲರು? ಅದಕ್ಕೆ ಬೇಕಾದುದು ಸುಸಜ್ಜಿತವಾದ ಪ್ರಯೋಗಶಾಲೆ, ಕನ್ನಡದಲ್ಲಿ ತಿಳಿಯಹೇಳುವ ಗುರು, ಪ್ರಶ್ನೆ ಕೇಳಿದಾಗ ಗದರದ ತರಗತಿ. ಇವು ಮೂರನ್ನೂ ಒದಗಿಸುವುದು ನಮ್ಮೆಲ್ಲರ ಶಕ್ತಿಗೆ ಎಟುಕುವ ಕೆಲಸವೆಂದು ಭಾವಿಸಿ, ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ವಿನಂತಿಸಿಕೊಳ್ಳುತ್ತೇನೆ.